ಬೀರು ಮತ್ತು ವಿಮಾನ

ನಾನು ಕನ್ನಡದ ಮೇಷ್ಟ್ರು. ಹಳಗನ್ನಡದ ಒಂದು ಪದ್ಯವನ್ನು ಬಿಡಿಸಿ, ಅನ್ವಯಮಾಡಿ, ಅರ್ಥ ಹೇಳೆಂದರೆ ಹೇಳಿಯೇನು. ಒಂದು ಬೀರುವನ್ನು ಕೊಂಡು ತಾ ಎಂದರೆ ಕೈಕಾಲು ನಡುಗುತ್ತದೆ. ಮೊದಲಿನಿಂದಲೂ ಹೀಗಿತ್ತೆಂದು ತಿಳಿಯಬೇಡಿ. ಕಾಲೇಜಿನ ಖರೀದಿ ಸಮಿತಿಗೆ ನನ್ನನ್ನೊಬ್ಬ ಸದಸ್ಯನನ್ನಾಗಿ ಮಾಡಿದ ಮೇಲೆ ಅಂಟಿದ ಕಾಯಿಲೆ ಇದು.

ನಮ್ಮ ವಿಭಾಗದ ಹಳೆಯ ಮರದ ಕಪಾಟಿಗೆ ಗೆದ್ದಲು ಹತ್ತಿತ್ತು. 'ಪುಸ್ತಕಗಳಿಗಾಗಿ ಒಂದು ಉಕ್ಕಿನ ಬೀರು ಬೇಕು' ಎಂದು ಒಂದು ಸಾಲಿನ ಅರ್ಜಿ ಬರೆದು ಪ್ರಿನ್ಸಿಪಾಲರಿಗೆ ಕೊಟ್ಟೆ. ಒಂದು ಸಾಲಿನ ಅರ್ಜಿಯನ್ನು ಯಾವ ಕಚೇರಿ ತಾನೇ ನಂಬುತ್ತದೆ? 'ಎಂಥ ಬೀರು? ಎಷ್ಟು ಎತ್ತರ? ಎಷ್ಟು ಖಾನೆ? ವಿವರ ಸಲ್ಲಿಸುವುದು' ಎಂಬ ಷರಾದೊಡನೆ ಅದು ಹಿಂದಕ್ಕೆ ಬಂತು. ವಿಭಾಗದ ನಾಲ್ವರೂ ಸಭೆ ಸೇರಿದೆವು. ಒಬ್ಬರಿಗೆ ಪುಸ್ತಕದ ಬೆನ್ನು ಕಾಣುವಂತೆ ಗಾಜಿನ ಬಾಗಿಲು ಬೇಕು. ಇನ್ನೊಬ್ಬರಿಗೆ ಅಂಕಪಟ್ಟಿಗಳನ್ನಿಡಲು ಒಳಗೊಂದು ಗುಪ್ತವಾದ ಡ್ರಾಯರು ಬೇಕು. ಮತ್ತೊಬ್ಬರು, ಬೀಗಕ್ಕೆ ಎರಡು ಕೈಗಳಿರಬೇಕು, ಇಬ್ಬರು ಒಟ್ಟಿಗೆ ಬಂದರಷ್ಟೇ ತೆರೆಯಬೇಕು ಎಂದರು. ಸಭೆಗೆ ಬಂದವನು ಸುಮ್ಮನೆ ಕುಳಿತರೆ ಮರ್ಯಾದೆಯಲ್ಲವೆಂದು ನಾನು 'ಕೆಳಗೆ ಚಕ್ರಗಳೂ ಇರಲಿ' ಎಂದೆ. ಹೀಗೆ ಪಟ್ಟಿ ಬೆಳೆಯಿತು. ಬೆಳೆದ ಪಟ್ಟಿಗೆ ಒಪ್ಪುವ ಬೀರು ಬೆಂಗಳೂರಿನ ಯಾವ ಅಂಗಡಿಯಲ್ಲಿಯೂ ಇರಲಿಲ್ಲ. ಮೂರು ಕೊಟೇಷನ್ ಇಲ್ಲದೆ ಕಡತ ಮುಂದಕ್ಕೆ ಹೋಗುವಂತಿಲ್ಲ. ಬಂದದ್ದು ಒಂದೇ, ಅದೂ ಮೂರು ಬೀರುಗಳ ಬೆಲೆಗೆ. ಮತ್ತೆ ಮೊದಲಿನಿಂದ ಶುರು. ಗಾಜು ಹೋಯಿತು, ಡ್ರಾಯರು ಹೋಯಿತು, ನನ್ನ ಚಕ್ರಗಳೂ ಉರುಳಿಹೋದುವು. ಅಷ್ಟರಲ್ಲಿ ಮಾರ್ಚಿ ಮೂವತ್ತೊಂದು ಬಂದು, ಮಂಜೂರಾಗಿದ್ದ ಹಣವೂ ಹೋಯಿತು. ಅಂತೂ ಹದಿನಾಲ್ಕನೆಯ ತಿಂಗಳಿನಲ್ಲಿ ಬೀರು ಬಂದಿತು. ನಾವು ಎಲ್ಲವನ್ನೂ ಅಳೆದಿದ್ದೆವು, ನಮ್ಮ ಕೊಠಡಿಯ ಬಾಗಿಲೊಂದನ್ನು ಬಿಟ್ಟು. ಎರಡು ದಿನ ಅದು ವರಾಂಡದಲ್ಲಿ ಅತಿಥಿಯಂತೆ ನಿಂತಿತ್ತು. ಗೆದ್ದಲು ಮಾತ್ರ ಟೆಂಡರಿಗೆ ಕಾದಿರಲಿಲ್ಲ. ಹದಿನಾಲ್ಕು ತಿಂಗಳಿನಲ್ಲಿ ಒಂದು ನಿಘಂಟನ್ನು ಅಕಾರದಿಂದ ತಕಾರದವರೆಗೆ ಓದಿ ಮುಗಿಸಿತ್ತು.

ಈ ಕಥೆಯನ್ನು ನಮ್ಮ ಎದುರುಮನೆಯ ರಾಯರಿಗೆ ಹೇಳಿದೆ. ರಾಯರು ವಾಯುಪಡೆಯಲ್ಲಿದ್ದು ನಿವೃತ್ತರಾದವರು. ಮೊದಮೊದಲು ವಿಮಾನ ಹಾರಿಸಿ, ಕೊನೆಯ ಕೆಲವು ವರ್ಷ ದೆಹಲಿಯ ಮೇಜೊಂದರ ಹಿಂದೆ ಕುಳಿತು ವಿಮಾನ ಕೊಳ್ಳುವ ಕಡತಗಳನ್ನು ನೋಡಿದವರು. ಅವರು ಕಾಫಿಯ ಲೋಟವನ್ನು ಕೆಳಗಿಟ್ಟು ಮನಸಾರೆ ನಕ್ಕರು.

"ಬೀರುವಿಗೆ ಹದಿನಾಲ್ಕು ತಿಂಗಳೇ? ಮೇಷ್ಟ್ರೇ, ನಿಮ್ಮದು ಬಹಳ ಚುರುಕಾದ ಕಾಲೇಜು!"

ಅನಂತರ ಒಂದೊಂದಾಗಿ ವಿವರಿಸಿದರು. ಕೇಳುತ್ತ ಹೋದಂತೆ ನನ್ನ ಬೀರುವೇ ರೆಕ್ಕೆ ಕಟ್ಟಿಕೊಂಡು ಹಾರುತ್ತಿರುವಂತೆ ತೋರಿತು. ಸೈನ್ಯಕ್ಕೆ ಒಂದು ಆಯುಧ ಬೇಕಾದರೆ ಮೊದಲು ದೂರದ ಲೆಕ್ಕ ಹಾಕಬೇಕು. ಹಿಂದೆ ಹದಿನೈದು ವರ್ಷಗಳ ಯೋಜನೆಯೊಂದಿತ್ತು. 2020ರ ನಿಯಮಾವಳಿ ಅದನ್ನು ಹತ್ತಕ್ಕಿಳಿಸಿತು. ಆ ಯೋಜನೆಯಿಂದ ಹುಟ್ಟುವುದು ಗುಣಗಳ ಪಟ್ಟಿ: ಎಷ್ಟು ವೇಗ, ಎಷ್ಟು ದೂರ, ಎಷ್ಟು ಭಾರ, ಲೇಹದ ಚಳಿಯಲ್ಲಿಯೂ ಜೈಸಲ್ಮೇರಿನ ಉರಿಯಲ್ಲಿಯೂ ನಡೆಯಬೇಕೋ ಬೇಡವೋ. ಬಳಿಕ ರಕ್ಷಣಾ ಮಂತ್ರಿಗಳ ಅಧ್ಯಕ್ಷತೆಯ ಮಂಡಳಿಯು 'ಹೌದು, ಇದು ಅಗತ್ಯ' ಎಂದು ಒಪ್ಪಬೇಕು. ಈ ಮಂಡಳಿ ಹುಟ್ಟಿದ್ದು ಕಾರ್ಗಿಲ್ ಯುದ್ಧದ ತರುವಾಯ, 2001ರಲ್ಲಿ. ಮಂಡಳಿ ಒಪ್ಪಿದ ಮೇಲೆ ಮಾರುವವರಿಗೆ ಪತ್ರ. ಅವರು ಎರಡು ಲಕೋಟೆಗಳನ್ನು ಕಳುಹಿಸುತ್ತಾರೆ. ಒಂದರಲ್ಲಿ ಯಂತ್ರದ ಗುಣ, ಇನ್ನೊಂದರಲ್ಲಿ ಬೆಲೆ. ಮೊದಲು ಗುಣದ ಲಕೋಟೆಯನ್ನಷ್ಟೇ ಒಡೆಯಬೇಕು. ಗುಣ ಒಪ್ಪಿಗೆಯಾದರೆ ಅವರು ತಮ್ಮ ಖರ್ಚಿನಲ್ಲಿಯೇ ಯಂತ್ರವನ್ನು ನಮ್ಮ ನೆಲಕ್ಕೆ ತಂದು ಓಡಿಸಿಯೋ ಹಾರಿಸಿಯೋ ತೋರಿಸಬೇಕು. ಅದರಲ್ಲಿ ಗೆದ್ದವರ ಬೆಲೆಯ ಲಕೋಟೆಯನ್ನು ಮಾತ್ರ ಒಡೆದು, ಕಡಿಮೆ ಹೇಳಿದವನನ್ನು ಕರೆದು, ಇನ್ನೂ ಕಡಿಮೆ ಮಾಡೆಂದು ಚೌಕಾಸಿ ಮಾಡಬೇಕು. ಆಮೇಲೆ ಹಣಕಾಸಿನವರು, ಆಮೇಲೆ ಮಂತ್ರಿಮಂಡಲದ ಸಮಿತಿ, ಆಮೇಲೆ ಸಹಿ. ಸಹಿಯಾದ ಮೇಲೆ ಬರುವ ವರ್ಷಗಳದು ಬೇರೆಯ ಲೆಕ್ಕ.

"ಇದರಲ್ಲಿ ತಪ್ಪೇನು ರಾಯರೇ? ಊರ ಹಣ; ನೋಡಿ ಖರ್ಚು ಮಾಡಬೇಡವೇ?" ಎಂದೆ.

"ಒಂದೊಂದು ಮೆಟ್ಟಿಲೂ ಸರಿಯೇ. ಪ್ರತಿಯೊಂದನ್ನೂ ಯಾವುದೋ ಒಂದು ತಪ್ಪು ಮತ್ತೆ ಆಗದಿರಲೆಂದು ಕಟ್ಟಿದ್ದಾರೆ. ಆದರೆ ಅರ್ಜಿಯ ನಮೂನೆಯಲ್ಲಿ ಬೆಲೆಗೆ ಒಂದು ಕಲಂ ಇದೆ, ಗುಣಕ್ಕೆ ಒಂದು ಕಲಂ ಇದೆ. ಕಾಯುವುದರ ಬೆಲೆಗೆ ಕಲಂ ಇಲ್ಲ" ಎಂದರು ರಾಯರು.

ಅದಕ್ಕೆ ಅವರು ಕೊಟ್ಟ ದೊಡ್ಡ ಉದಾಹರಣೆ 126 ಯುದ್ಧವಿಮಾನಗಳದು. 2007ರ ಆಗಸ್ಟಿನಲ್ಲಿ ಪತ್ರ ಹೋಯಿತು. ಆರು ವಿಮಾನಗಳು ಸ್ಪರ್ಧೆಗೆ ಬಂದುವು. ಬೆಂಗಳೂರಿನಲ್ಲಿ, ಜೈಸಲ್ಮೇರಿನಲ್ಲಿ, ಲೇಹದಲ್ಲಿ ಪರೀಕ್ಷೆ ನಡೆಯಿತು. ಪರೀಕ್ಷೆಯ ಅಂಶಗಳು ಆರು ನೂರಕ್ಕೂ ಹೆಚ್ಚು. 2011ರಲ್ಲಿ ಎರಡು ಉಳಿದುವು; 2012ರ ಜನವರಿಯಲ್ಲಿ ಫ್ರಾನ್ಸಿನ ರಫಾಲ್ ಕಡಿಮೆ ಬೆಲೆಯದೆಂದು ಗೆದ್ದಿತು. ಹದಿನೆಂಟು ವಿಮಾನಗಳನ್ನು ಅವರು ಹಾರಿಸಿ ತರಬೇಕು, ಉಳಿದ 108ನ್ನು ನಮ್ಮ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕಟ್ಟಬೇಕು. ಹಾಗೆ ಇಲ್ಲಿ ಕಟ್ಟಿದ ವಿಮಾನಕ್ಕೆ ಹೊಣೆ ಯಾರದು, ಕಟ್ಟಲು ಎಷ್ಟು ಆಳು-ಗಂಟೆ ಹಿಡಿಯುತ್ತದೆ ಎಂಬ ಮಾತು ಮೂರು ವರ್ಷ ನಡೆಯಿತು, ಮುಗಿಯಲಿಲ್ಲ. 2015ರಲ್ಲಿ ಇಡೀ ಪ್ರಸ್ತಾಪವನ್ನೇ ಹಿಂತೆಗೆದುಕೊಂಡರು. ಬೇರೆಯ ದಾರಿಯಲ್ಲಿ, ಸರ್ಕಾರದಿಂದ ಸರ್ಕಾರಕ್ಕೆ, 2016ರಲ್ಲಿ ಮೂವತ್ತಾರು ವಿಮಾನಗಳಿಗೆ ಸಹಿ ಬಿತ್ತು. ಮೊದಲ ಐದು ಅಂಬಾಲಕ್ಕೆ ಬಂದಿಳಿದದ್ದು 2020ರ ಜುಲೈಯಲ್ಲಿ. ನೂರಿಪ್ಪತ್ತಾರು ಕೇಳಿದವರು ಹದಿಮೂರು ವರ್ಷ ಕಾದು ಐದನ್ನು ಬರಮಾಡಿಕೊಂಡರು.

"ಭಯವೂ ಒಂದು ಕಾರಣ" ಎಂದರು ರಾಯರು. 1986ರಲ್ಲಿ ಸ್ವೀಡನ್ನಿನಿಂದ 410 ಬೋಫೋರ್ಸ್ ಫಿರಂಗಿಗಳಿಗೆ ಒಪ್ಪಂದವಾಯಿತು. ಮರು ವರ್ಷವೇ ಲಂಚದ ಮಾತು ಹೊರಬಿದ್ದು ದೇಶವೆಲ್ಲ ಗದ್ದಲವಾಯಿತು. ಫಿರಂಗಿ ಒಳ್ಳೆಯದೇ ಎಂಬುದನ್ನು 1999ರಲ್ಲಿ ಕಾರ್ಗಿಲ್ಲಿನ ಬೆಟ್ಟಗಳು ಕಂಡುವು. ಆದರೆ ಆ ಗದ್ದಲದ ಅನಂತರ ಅಂಥ ದೊಡ್ಡ ಫಿರಂಗಿಯ ಹೊಸ ಒಪ್ಪಂದಕ್ಕೆ ಸಹಿ ಬೀಳಲು 2016ರವರೆಗೆ ಕಾಯಬೇಕಾಯಿತು. ಸಹಿ ಮಾಡಿದವನನ್ನು ಲೋಕ ಪ್ರಶ್ನಿಸುತ್ತದೆ. ಸಹಿ ಮಾಡದೆ ಕಡತವನ್ನು ಮುಂದಿನ ಮೇಜಿಗೆ ನೂಕಿದವನನ್ನು ಯಾರೂ ಕೇಳುವುದಿಲ್ಲ.

ಇಷ್ಟು ಹೊತ್ತೂ ನಗುನಗುತ್ತ ಹೇಳಿದ ರಾಯರು ಇನ್ನೊಂದು ಸಂಗತಿಯನ್ನು ಮಾತ್ರ ನಗದೆ ಹೇಳಿದರು. ಹೊಸದಾಗಿ ಹಾರಲು ಕಲಿತ ಹುಡುಗರನ್ನು ನೇರವಾಗಿ ವೇಗದ ಯುದ್ಧವಿಮಾನಕ್ಕೆ ಹತ್ತಿಸಬಾರದು, ನಡುವೆ ಒಂದು ಉನ್ನತ ತರಬೇತಿಯ ವಿಮಾನ ಬೇಕು ಎಂದು ಸಮಿತಿಯೊಂದು 1982ರಲ್ಲಿಯೇ ಹೇಳಿತ್ತು. ಯಾರೂ ಬೇಡವೆನ್ನಲಿಲ್ಲ. ಬ್ರಿಟನ್ನಿನ ಹಾಕ್ ವಿಮಾನಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರ ಮಾರ್ಚಿಯಲ್ಲಿ. ಅವು ನಮ್ಮ ಬೀದರಿನ ನೆಲೆಯಲ್ಲಿ ಸೇವೆಗೆ ಸೇರಿದ್ದು 2008ರಲ್ಲಿ. 'ಬೇಕು' ಎಂಬುದಕ್ಕೂ 'ಬಂತು' ಎಂಬುದಕ್ಕೂ ನಡುವೆ ಇಪ್ಪತ್ತಾರು ವರ್ಷ. ಆ ಇಪ್ಪತ್ತಾರು ವರ್ಷಗಳಲ್ಲಿ ಎಷ್ಟು ತಂಡದ ಹುಡುಗರು ಆ ನಡುವಿನ ಮೆಟ್ಟಿಲಿಲ್ಲದೆಯೇ ಹತ್ತಿದರೋ!

ರಾಯರ ಗೋಡೆಯ ಮೇಲೆ ಒಂದು ಹಳೆಯ ಭಾವಚಿತ್ರವಿದೆ. ಮೀಸೆ ಆಗತಾನೆ ಮೂಡಿದ ಇಪ್ಪತ್ತು ಮೂವತ್ತು ಮುಖಗಳು, ಮೂರು ಸಾಲು. ಅವರು ಸ್ವಲ್ಪ ಹೊತ್ತು ಅದನ್ನು ನೋಡಿದರು. ನಾನೂ ನೋಡಿದೆ. ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಕಾಫಿ ಆರಿತ್ತು.

ರಸ್ತೆ ದಾಟಿ ನಮ್ಮ ಮನೆಗೆ ಬಂದೆನಾದರೂ ಆ 'ಕಾಯುವುದರ ಬೆಲೆ' ಎಂಬ ಮಾತು ನನ್ನೊಡನೆ ಬಂದಿತು. ನಡುಮನೆಯಲ್ಲಿ ನಮ್ಮ ತಂದೆಯವರ ಚಿತ್ರವಿದೆ. ರಾಯರು ಹೇಳಿದ್ದರಲ್ಲಿ ನನಗೆ ತಿಳಿಯದಿದ್ದುದು ಅಂಕಿಗಳು ಮಾತ್ರ. ಮಿಕ್ಕದ್ದನ್ನು ನಾನು ಈ ಮನೆಯಲ್ಲಿಯೇ ಕಂಡಿದ್ದೆನಲ್ಲ ಎನ್ನಿಸಿತು.

ನಮ್ಮ ತಂದೆಯವರು 1963ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಎಚ್.ಎ.ಎಲ್. ವಿಮಾನ ಕಾರ್ಖಾನೆಗೆ ಫಿಟ್ಟರಾಗಿ ಸೇರಿದರು. ಕಾರ್ಖಾನೆಯಲ್ಲಿ ಆಗ 'ಮಾರುತ' ಎಂಬ ಯುದ್ಧವಿಮಾನದ ಸಂಭ್ರಮ. ಜರ್ಮನಿಯ ಪ್ರಸಿದ್ಧ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು, ನಮ್ಮವರನ್ನು ಕೂಡಿಸಿಕೊಂಡು ಅದರ ನಕ್ಷೆ ಹಾಕಿದ್ದರು. 1961ರ ಜೂನ್ 17ರಂದು ಸುರಂಜನ್ ದಾಸ್ ಅದನ್ನು ಮೊದಲ ಸಲ ಹಾರಿಸಿದರು. ಹಳೆಯ ಮದರಾಸು ರಸ್ತೆಯಿಂದ ಕಾರ್ಖಾನೆಯ ಕಡೆಗೆ ಹೋಗುವ ಹಾದಿಗೆ ಇಂದು ಅವರ ಹೆಸರಿದೆ. ದಿನವೂ ಆ ಹಾದಿಯಲ್ಲಿ ಹೋಗುವ ಸಾವಿರಾರು ಜನಕ್ಕೆ ಅದು ವಾಹನಗಳ ಗುಂಪಿಗೆ ಸಿಕ್ಕಿ ಬೈಯುವ ರಸ್ತೆ ಮಾತ್ರ. 1970ರಲ್ಲಿ ಅದೇ ಮಾರುತದ ಸುಧಾರಿತ ಮಾದರಿಯೊಂದನ್ನು ಪರೀಕ್ಷಿಸುವಾಗ ಅವರು ತೀರಿಕೊಂಡರು.

ಮಾರುತದ ಮೈ ಶಬ್ದದ ಎರಡರಷ್ಟು ವೇಗಕ್ಕೆಂದು ಎಣಿಸಿ ಮಾಡಿದ್ದು. ಅದಕ್ಕೆ ತಕ್ಕ ಎಂಜಿನ್ನೊಂದು ಬ್ರಿಟನ್ನಿನಲ್ಲಿ ತಯಾರಾಗುತ್ತಿತ್ತು. ಅಲ್ಲಿಯವರಿಗೆ ಅದರ ಅಗತ್ಯ ತಪ್ಪಿದಾಗ, ಮುಂದಿನ ಕೆಲಸದ ಖರ್ಚನ್ನು ನೀವು ಕೊಡಿ ಎಂದರು. ನಾವು ಕೊಡಲಿಲ್ಲ. ಹಣ ಉಳಿಯಿತು. ಕೈಯಲ್ಲಿದ್ದ ಸಣ್ಣ ಆರ್ಫಿಯಸ್ ಎಂಜಿನ್ನುಗಳನ್ನೇ ಎರಡನ್ನು ಜೋಡಿಸಿದರು. ಸರಿಯಾದುದನ್ನು ಹುಡುಕುತ್ತ ಈಜಿಪ್ಟಿನವರೆಗೂ ಹೋಗಿ, ಅವರ ಎಂಜಿನ್ನನ್ನು ಒಂದು ಮಾರುತಕ್ಕೆ ಕಟ್ಟಿ ನೋಡಿದರು, ಅದೂ ಕೈಗೂಡಲಿಲ್ಲ. 1971ರ ಯುದ್ಧದಲ್ಲಿ ರಾಜಸ್ಥಾನದ ಕಡೆ ಮಾರುತ ನೆಲದ ಗುರಿಗಳ ಮೇಲೆ ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಹಾರಬೇಕಾದ ವೇಗದಲ್ಲಿ ಅದು ಎಂದೂ ಹಾರಲಿಲ್ಲ. 147 ವಿಮಾನಗಳಾದ ಮೇಲೆ, 1977ರಲ್ಲಿ, ಕಟ್ಟುವುದು ನಿಂತಿತು.

ಅದಕ್ಕಿಂತ ದೊಡ್ಡ ನಷ್ಟ ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರಲಿಲ್ಲ. ಮಾರುತದ ಹಿಂದೆಯೇ ಮತ್ತೊಂದು ಯುದ್ಧವಿಮಾನದ ನಕ್ಷೆ ಸಿದ್ಧವಾಗಿದ್ದರೆ ಕಲಿತ ಕೈಗಳು ಮುಂದಿನವರಿಗೆ ಕಲಿಸುತ್ತಿದ್ದುವು. ಸಿದ್ಧವಾಗಿರಲಿಲ್ಲ. ಹೊಸ ಹಗುರ ಯುದ್ಧವಿಮಾನಕ್ಕೆ ಸರ್ಕಾರ ಒಪ್ಪಿದ್ದು 1983ರಲ್ಲಿ. ನಡುವಿನ ವರ್ಷಗಳಲ್ಲಿ ನಕ್ಷೆ ಹಾಕಿದವರು ಚೆದುರಿದರು, ಮುದುಕರಾದರು. ನಮ್ಮ ತಂದೆಯವರು ಪರದೇಶದ ನಕ್ಷೆಯ ಜಾಗ್ವಾರ್ ವಿಮಾನಗಳಿಗೆ ಮೊಳೆ ಬಡಿದರು. ಅದನ್ನೂ ಶ್ರದ್ಧೆಯಿಂದಲೇ ಬಡಿದರೆನ್ನಿ. ಸಂಜೆ ಕಾರ್ಖಾನೆಯ ಬಸ್ಸಿನಿಂದ ಇಳಿದು ಬಂದವರು ಕೈಯ ಎಣ್ಣೆಯ ಕರೆಯನ್ನು ಸೀಗೆಪುಡಿಯಿಂದ ಉಜ್ಜುತ್ತ, "ಇದು ಬೇರೆಯವರು ಬರೆದ ಕಾಪಿಯನ್ನು ತಿದ್ದಿದ ಹಾಗೆ ಕಣೋ" ಎನ್ನುತ್ತಿದ್ದರು. ಮಗ ಮುಂದೆ ಮೇಷ್ಟ್ರಾಗುವನೆಂದು ಆಗಲೇ ತಿಳಿದಿತ್ತೋ ಏನೋ!

ಹೊಸ ವಿಮಾನದ ದಾರಿಯೂ ನೆಟ್ಟಗಿರಲಿಲ್ಲ. 1984ರಲ್ಲಿ ಅದಕ್ಕೆಂದೇ ಬೆಂಗಳೂರಿನಲ್ಲಿ ಒಂದು ಸಂಸ್ಥೆ ಹುಟ್ಟಿತು. ಅದಕ್ಕೆ ನಮ್ಮದೇ ಎಂಜಿನ್ ಇರಲೆಂದು 1989ರಲ್ಲಿ 'ಕಾವೇರಿ'ಗೆ ಮಂಜೂರಾತಿ ಸಿಕ್ಕಿತು. ಹೊಸ ರೆಕ್ಕೆ, ಹೊಸ ಎಂಜಿನ್, ಹೊಸ ಗಣಕದ ಹಿಡಿತ, ಎಲ್ಲವನ್ನೂ ಒಂದೇ ಸಲಕ್ಕೆ ಹೊತ್ತುಕೊಂಡರು. ನಮ್ಮ ಬೀರುವಿನ ಪಟ್ಟಿ ನೆನಪಾಗುತ್ತದೆ; ಆದರೆ ಇಲ್ಲಿ ನಗುವುದು ತರವಲ್ಲ. ಮಾರುತದ ಕಾಲದಲ್ಲಿ ಕಲಿತದ್ದನ್ನು ಕಳೆದುಕೊಂಡವರು ಮತ್ತೆ ಅಕಾರದಿಂದಲೇ ತೊಡಗಬೇಕಾಗಿತ್ತು. 1998ರಲ್ಲಿ ನಾವು ಅಣುಪರೀಕ್ಷೆ ಮಾಡಿದೆವು. ಅಮೆರಿಕದಲ್ಲಿ ಹಾರಾಟದ ಹಿಡಿತದ ಕೆಲಸ ಮಾಡುತ್ತಿದ್ದ ನಮ್ಮ ಎಂಜಿನಿಯರುಗಳನ್ನು ಹಿಂದಕ್ಕೆ ಕಳುಹಿಸಿದರು. ಅವರು ಬಂದು ಉಳಿದುದನ್ನು ಇಲ್ಲಿಯೇ ಮಾಡಿದರು. ಕೋಟ ಹರಿನಾರಾಯಣ ಅವರು ಮುಖ್ಯಸ್ಥರಾಗಿದ್ದ ಆ ತಂಡದ ವಿಮಾನವನ್ನು 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಬೆಂಗಳೂರಿನ ಆಕಾಶಕ್ಕೆ ಏರಿಸಿದರು.

ಆ ದಿನ ನಮ್ಮ ತಂದೆಯವರು ಮನೆಗೆ ಬಂದ ಬಗೆ ನನಗೆ ಚೆನ್ನಾಗಿ ನೆನಪಿದೆ. ಕೈಯಲ್ಲಿ ಅರ್ಧ ಕಿಲೋ ಮೈಸೂರುಪಾಕು. ನಮ್ಮ ತಾಯಿ "ಏನು ವಿಶೇಷ?" ಎಂದರು. "ಹಾರಿತು ಕಣೆ" ಎಂದರು ಅಷ್ಟೆ. ಊಟವಾದ ಮೇಲೆ ನನ್ನೊಡನೆ ಜಗಲಿಯ ಮೇಲೆ ಕುಳಿತು, ಬಹಳ ಹೊತ್ತು ಸುಮ್ಮನಿದ್ದು, "ಇದಕ್ಕೂ ಎಂಜಿನ್ನು ಹೊರಗಿನದೇನಪ್ಪ. ಮೈ ನಮ್ಮದು, ಉಸಿರು ಬೇರೆಯವರದು" ಎಂದರು. ಕಾವೇರಿ ಆ ವಿಮಾನಕ್ಕೆ ಒದಗಿಬರಲಿಲ್ಲ. 2008ರಲ್ಲಿ ಎರಡು ಯೋಜನೆಗಳನ್ನೂ ಬೇರ್ಪಡಿಸಿದರು. 2003ರಲ್ಲಿ ವಿಮಾನಕ್ಕೆ 'ತೇಜಸ್' ಎಂದು ಹೆಸರಿಟ್ಟ ವರ್ಷವೇ ತಂದೆಯವರು ನಿವೃತ್ತರಾದರು. ನಲವತ್ತು ವರ್ಷದ ನೌಕರಿ. ಅದರ ಮೊದಲ ತುದಿಯಲ್ಲಿ ಒಂದು ನಮ್ಮ ಯುದ್ಧವಿಮಾನ, ಕೊನೆಯ ತುದಿಯಲ್ಲಿ ಇನ್ನೊಂದು.

ಅವರು ನಿವೃತ್ತರಾಗಿ ಹತ್ತು ವರ್ಷವಾದ ಮೇಲೆ ಒಂದು ಭಾನುವಾರ, ನನ್ನ ಮಗಳನ್ನು ಕರೆದುಕೊಂಡು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಹೋದೆವು. ಅಲ್ಲಿ ಒಂದು ಮಾರುತವನ್ನು ನಿಲ್ಲಿಸಿದ್ದಾರೆ. ತಂದೆಯವರು ಅದರ ಹೊಟ್ಟೆಯ ಕಡೆಗೆ ಕತ್ತೆತ್ತಿ, ಕನ್ನಡಕ ಸರಿಮಾಡಿಕೊಂಡು, ಮೊಳೆಗಳ ಸಾಲನ್ನು ನೋಡಿದರು. "ತಾತ, ಇದನ್ನು ನೀನು ಮಾಡಿದ್ದಾ?" ಎಂದಳು ಮಗು. "ಇದೋ, ಬೇರೆಯದೋ. ಎಲ್ಲಾ ಒಂದೇ ಅಚ್ಚಿನವು ಪುಟ್ಟ" ಎಂದರು. "ಇದು ಯಾಕೆ ಹಾರುವುದಿಲ್ಲ?" "ಅದಕ್ಕೆ ವಯಸ್ಸಾಯಿತು." "ನಿನಗೂ ವಯಸ್ಸಾಗಿದೆಯಲ್ಲ, ನೀನು ಓಡಾಡುತ್ತೀಯಲ್ಲ" ಎಂದಳು. ತಂದೆಯವರು ನಕ್ಕರು.

ಅವರು 2015ರಲ್ಲಿ ತೀರಿಕೊಂಡರು. ಮರು ವರ್ಷದ ಜುಲೈ ಒಂದರಂದು, ಇದೇ ಊರಿನಲ್ಲಿ, ತೇಜಸ್ ವಿಮಾನಗಳ ಮೊದಲ ಸ್ಕ್ವಾಡ್ರನ್ ನೆಲೆಗೊಂಡಿತು. ಆಗ ಅದರಲ್ಲಿದ್ದುದು ಎರಡು ವಿಮಾನ. ಸರ್ಕಾರ ಒಪ್ಪಿದ ದಿನದಿಂದ ಲೆಕ್ಕ ಹಾಕಿದರೆ ಮೂವತ್ತಮೂರು ವರ್ಷ. 2021ರಲ್ಲಿ ಸುಧಾರಿತ ಮಾದರಿಯ ವಿಮಾನವೂ ಸೇರಿ ಎಂಬತ್ತಮೂರಕ್ಕೆ ಒಪ್ಪಂದವಾಯಿತು. ಅವಕ್ಕಾಗಿ ಆ ವರ್ಷವೇ ಅಮೆರಿಕದಿಂದ ಕೊಂಡ ಎಂಜಿನ್ನುಗಳಲ್ಲಿ ಮೊದಲನೆಯದು ಕೈಗೆ ಬಂದದ್ದು 2025ರ ಮಾರ್ಚಿಯಲ್ಲಿ. ಉಸಿರಿನ ಮಾತು ಮತ್ತೆ ನಿಜವಾಯಿತು. 2025ರ ಸೆಪ್ಟೆಂಬರಿನಲ್ಲಿ ಇನ್ನೂ ತೊಂಬತ್ತೇಳು ತೇಜಸ್‌ಗಳಿಗೆ ಒಪ್ಪಂದವಾದ ಮರುದಿನವೇ, ಚಂಡೀಗಢದಲ್ಲಿ ಮಿಗ್-21 ವಿಮಾನಗಳನ್ನು ಬೀಳ್ಕೊಟ್ಟರು. ಅದು ವಾಯುಪಡೆಗೆ ಬಂದದ್ದು 1963ರಲ್ಲಿ, ನಮ್ಮ ತಂದೆಯವರು ಕೆಲಸಕ್ಕೆ ಸೇರಿದ ವರ್ಷ. ಅವರು ದುಡಿದು, ನಿವೃತ್ತರಾಗಿ, ತೀರಿಕೊಂಡು ಹತ್ತು ವರ್ಷವಾದರೂ ಅದು ಹಾರುತ್ತಲೇ ಇತ್ತು. ಹೊಸದು ತಡವಾದಷ್ಟೂ ಹಳೆಯದಕ್ಕೆ ಬಿಡುವಿಲ್ಲ. ಅದರೊಳಗೆ ಕುಳಿತ ಹುಡುಗನಿಗೂ ಇಲ್ಲ.

ಹಾಗೆಂದು ನೋಡದೆ ಕೊಳ್ಳಿ, ಅಳೆಯದೆ ಸಹಿ ಹಾಕಿ ಎಂದು ನಾನು ಹೇಳುತ್ತಿಲ್ಲ. ಅಳೆಯದೆ ತಂದ ಬೀರು ವರಾಂಡದಲ್ಲಿ ನಿಂತುದನ್ನು ಕಂಡವನು ನಾನು. ಏನು ಬೇಕೆಂಬುದನ್ನು ಮೊದಲೇ ಯೋಚಿಸಿ, ಬೇಕಾದಷ್ಟನ್ನೇ ಕೇಳಿ, ಕೇಳಿದ ಮೇಲೆ ನಡುವೆ ಮನಸ್ಸು ಬದಲಾಯಿಸದಿದ್ದರೆ ಅರ್ಧ ಕೆಲಸವಾದಂತೆ. ಮಿಕ್ಕರ್ಧಕ್ಕೆ, ಆ ನಮೂನೆಯಲ್ಲಿ ಇಲ್ಲದ ಕಲಮನ್ನು ಯಾರಾದರೂ ಪುಣ್ಯಾತ್ಮರು ಸೇರಿಸಬೇಕು. ನಾನಂತೂ ನಮ್ಮ ಖರೀದಿ ಸಮಿತಿಯ ಮುಂದಿನ ಸಭೆಯಲ್ಲಿ ಇದನ್ನು ಸೂಚಿಸಲಿದ್ದೇನೆ. ಗೆದ್ದಲು ತಿಂದ ಪುಟಗಳ ಸಂಖ್ಯೆಯನ್ನು ಅಲ್ಲಿ ತುಂಬಬಹುದು.

ನಮ್ಮ ಕಾಲೇಜು ಊರಿನ ಮೂಡಣ ಭಾಗದಲ್ಲಿದೆ. ಒಮ್ಮೊಮ್ಮೆ ಬೆಳಗಿನ ತರಗತಿಯಲ್ಲಿ ಪಾಠ ನಡೆಯುತ್ತಿರುವಾಗ ಪರೀಕ್ಷೆಗೆಂದು ಹೊರಟ ವಿಮಾನವೊಂದು ಮಾಡಿನ ಮೇಲೆ ಗುಡುಗಿ ಹೋಗುತ್ತದೆ. ಕಿಟಕಿಯ ಗಾಜು ಅದುರುತ್ತದೆ. ನನ್ನ ದನಿ ಅದರಲ್ಲಿ ಮುಳುಗುತ್ತದೆ. ಮೊದಲೆಲ್ಲ ನಾನು ಬೇಸರದಿಂದ ಪುಸ್ತಕ ಮುಚ್ಚುತ್ತಿದ್ದೆ. ಈಚೆಗೆ ಕಿಟಕಿಯ ಬಳಿಗೆ ಹೋಗಿ ನೋಡುತ್ತೇನೆ. ಮೇಷ್ಟ್ರಿಗೆ ಇದೇನು ಹುಡುಗಾಟವೆಂದು ವಿದ್ಯಾರ್ಥಿಗಳು ಮುಸಿಮುಸಿ ನಗುತ್ತಾರೆ. ನಗಲಿ. ಸದ್ದು ಅಡಗುವವರೆಗೆ ನಿಂತಿದ್ದು, ಆಮೇಲೆ ಬಿಟ್ಟ ಸಾಲಿನಿಂದ ಪಾಠವನ್ನು ಮುಂದುವರಿಸುತ್ತೇನೆ.